ತುರಿಯದೆ ಉಳಿಸಿದ ತೆಂಗಿನಕಾಯಿ

ಭಾನುವಾರ ಮಧ್ಯಾಹ್ನದ ಊಟದ ಹೊತ್ತಾದರೂ ಇಟ್ಟೂಪ್ ಚೇಟ್ಟನ ಸುಳಿವಿರಲಿಲ್ಲ.

ಚಿಂತೆ ಮಾಡುವುದು ಆತಿರಳಿಗೆ ಹೊಸದೇನಲ್ಲ. ಮಗು ಸೀನಿದರೆ ನೆಗಡಿಯೆಂಬ ಚಿಂತೆ, ಸೀನದಿದ್ದರೆ ಮೂಗು ಕಟ್ಟಿರಬಹುದೆಂಬ ಚಿಂತೆ. ಗ್ಯಾಸ್ ಆರಿಸಿ ಬಂದಮೇಲೂ ಮತ್ತೊಮ್ಮೆ ಹೋಗಿ ಮುಟ್ಟಿ ನೋಡುವವಳು ಅವಳು. ಆದರೆ ಆ ಚಿಂತೆಗಳೆಲ್ಲ ಬಂದುಹೋಗುವ ನೆಂಟರಿದ್ದಂತೆ. ಒಂದು ಎದ್ದು ಹೋದಮೇಲೆ ಇನ್ನೊಂದು ಬರುತ್ತಿತ್ತು. ಇದು ಮಾತ್ರ ಚಾಪೆ ಹಾಸಿಕೊಂಡು ಕೂತಿತ್ತು. ಏಳುವ ಲಕ್ಷಣವೇ ಕಾಣುತ್ತಿರಲಿಲ್ಲ.

ತೊಡೆಯ ಮೇಲೆ ಒಂಬತ್ತು ತಿಂಗಳ ಪಾರು, ಬಲಗೈಯಲ್ಲಿ ಬಾಳೆಕಾಯಿ ಹಿಟ್ಟಿನ ಗಂಜಿಯ ಚಮಚ, ಎಡಗೈಯಲ್ಲಿ ಫೋನು. ಬೆರಳು ಪರದೆಯನ್ನು ಕೆಳಗೆಳೆದು ಬಿಡುತ್ತಿತ್ತು. ಹೊಸದೇನೂ ಇಲ್ಲ. ಮತ್ತೆ ಎಳೆಯುತ್ತಿತ್ತು.

"ಆ ಫೋನಿಗೂ ಒಂದು ಚಮಚ ತಿನ್ನಿಸಮ್ಮ. ಬೆಳಗ್ಗಿಂದ ಅದನ್ನೇ ಎತ್ಕೊಂಡಿದೀಯ, ಹಸಿದಿರತ್ತೆ," ಎಂದರು ಅತ್ತೆ ಸತ್ಯಭಾಮ, ಬಾಗಿಲ ಚೌಕಟ್ಟಿಗೆ ಒರಗಿಕೊಂಡು.

"ಏನಿಲ್ಲಮ್ಮ, ಸುಮ್ನೆ."

"ಏನಿಲ್ಲ ಅಂದ್ರೆ ಗಂಜಿ ಮಗೂನ ಕಿವಿಗೆ ಯಾಕೆ ಹೋಗ್ತಿದೆ? ಕೊಡು ಇಲ್ಲಿ, ನಾನು ತಿನ್ನಿಸ್ತೀನಿ."

"ಬೇಡಮ್ಮ, ಮುಗೀತು. ಆಮೇಲೆ ಅವಳು ಉಗುಳಿಬಿಡ್ತಾಳೆ."

ಸತ್ಯಭಾಮ ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು. ಆತಿರ ಅದನ್ನು ಗಮನಿಸಲಿಲ್ಲ. ಅವಳ ಗಮನವೆಲ್ಲ ಮಾಳ ಎಂಬ ಊರಿನ ಒಂದು ಬೇಕರಿಯಲ್ಲಿತ್ತು.

ಆ ಬೇಕರಿಯನ್ನಾಗಲಿ, ಎಲ್ಲರೂ ಚೇಟ್ಟ, ಅಂದರೆ ಅಣ್ಣ, ಎಂದೇ ಕರೆಯುವ ಅದರ ಒಡೆಯ ಇಟ್ಟೂಪರನ್ನಾಗಲಿ ಅವಳು ಒಮ್ಮೆಯೂ ಕಂಡವಳಲ್ಲ. ಅವರ ಧ್ವನಿ ಹೇಗಿದೆಯೆಂದೂ ತಿಳಿಯದು. ಆದರೂ ಕಾಲೇಜಿನ ಕಾಲದಿಂದ ಅವರು ಅವಳ ಭಾನುವಾರದ ಒಂದು ಭಾಗ, ಕೆಲವರಿಗೆ ಇಗರ್ಜಿಯ ಗಂಟೆ ಇದ್ದಹಾಗೆ. ಇಗರ್ಜಿಯಲ್ಲಿ ಕುರ್ಬಾನದ ಪೂಜೆ ಮುಗಿಸಿ, ಮನೆಗೆ ಬಂದು ವೆಳ್ಳೇಪ್ಪ ತಿಂದು, ಹತ್ತು ಗಂಟೆಯ ಹೊತ್ತಿಗೆ ಅವರು ಇರವಲ್‌ನ ಪುಟದಲ್ಲಿ ಒಂದು ಸಾಲು ಬರೆಯುತ್ತಿದ್ದರು: "ಎಲ್ಲರಿಗೂ ನಮಸ್ಕಾರ. ಇಂದಿನ ಕೆಲಸಕ್ಕೆ ಕೂತಿದ್ದೇನೆ." ಸಂಜೆಗೆ ಇನ್ನೊಂದು ಸಾಲು: "ಮುಗಿಯಿತು. ಯಾರಾದರೂ ನೋಡಿ ಹೇಳಿ." ನಡುವೆ ಒಂದು ಸಣ್ಣ ತಪ್ಪು ಸರಿಹೋಗಿರುತ್ತಿತ್ತು. ಒಂದು ಭಾನುವಾರಕ್ಕೆ ಒಂದೇ. ಎರಡನೆಯದಕ್ಕೆ ಅವರು ಕೈ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ.

ತ್ರಿಶ್ಶೂರಿನ ಸುತ್ತಮುತ್ತಲ ವಾಚನಾಲಯಗಳಲ್ಲಿ ಪುಸ್ತಕ ಯಾರ ಮನೆಗೆ ಹೋಯಿತು, ಯಾವಾಗ ಬರಬೇಕು ಎಂದು ನೆನಪಿಡುವ ಸಾಫ್ಟ್‌ವೇರ್ ಈ ಇರವಲ್. ನಮ್ಮ ಎರವಲೇ ಅದು. ಅದಕ್ಕೆ ಬೆಲೆಯಿಲ್ಲ, ಒಡೆಯರೂ ಇಲ್ಲ. ಒಳಗಿನ ಕೋಡ್ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಕಳಿಸಿದ್ದನ್ನು ಇನ್ನೊಬ್ಬರು ಕೂತು ಓದಿ, ಸರಿಯಿದೆ ಎಂದಮೇಲೆ ಅದು ಒಳಗೆ ಸೇರುತ್ತದೆ. ಶಾಲೆಯ ಮೇಷ್ಟರು, ಪೋಸ್ಟಾಫೀಸಿನವರು, ಪರೀಕ್ಷೆಗೆ ಓದಬೇಕಾದ ಹೊತ್ತಿನಲ್ಲಿ ಇದನ್ನು ಮಾಡಿದ ವಿದ್ಯಾರ್ಥಿಗಳು, ಎಲ್ಲರೂ ತಮ್ಮ ಬಿಡುವಿನಲ್ಲಿ ಕಟ್ಟಿ ನಿಲ್ಲಿಸಿದ ಮನೆ ಅದು.

ಆ ಮನೆಗೆ ಇಟ್ಟೂಪ್ ಚೇಟ್ಟ ಬಂದದ್ದು ಜಗಳದ ಬಾಗಿಲಿನಿಂದ. ಆಗ ಅವರು ಮಾಳದ ಒಂದು ವಾಚನಾಲಯದ ಕಾರ್ಯದರ್ಶಿ. ಬೆಳಗಿನ ಜಾವ ಬೋರ್ಮ ಎಂಬ ಬೇಕರಿ ಒಲೆ ಕಾಯಿಸಿ ಬ್ರೆಡ್ ಬೇಯಿಸುವುದು, ಸಂಜೆ ವಾಚನಾಲಯದ ಬೀಗ ತೆಗೆಯುವುದು ಅವರ ದಿನಚರಿ. ಪುಸ್ತಕ ತರುವುದು ತಡವಾದರೆ ಇರವಲ್ ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರೆಯುತ್ತಿತ್ತು: "ಅವಧಿ ಮೀರಿದೆ. ದಂಡ ಪಾವತಿಸಿ." ಮಂಡಿ ನೋವಿನಿಂದ ಎರಡು ವಾರ ಹಾಸಿಗೆ ಹಿಡಿದಿದ್ದ ಒಬ್ಬ ಮುದುಕಿ ಆ ಕೆಂಪಕ್ಷರ ನೋಡಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದವಳು ಮತ್ತೆ ಬರಲಿಲ್ಲವಂತೆ. ಇಟ್ಟೂಪ್ ಚೇಟ್ಟ ಪುಟದಲ್ಲಿ ಉರಿದು ಬರೆದರು: "ಇದನ್ನು ಮಾಡಿದವರಿಗೆ ಅಜ್ಜಿ ಇಲ್ಲವೇ?" ಯಾರೋ ಉತ್ತರಿಸಿದರು: "ಇದ್ದಾರೆ. ಕೋಡ್ ಅಲ್ಲೇ ಇದೆ. ನೀವೇ ಬದಲಿಸಬಹುದು."

ಬೇರೆಯವರಾಗಿದ್ದರೆ ಬಾಗಿಲು ಬಡಿದು ಹೋಗುತ್ತಿದ್ದರು. ಚೇಟ್ಟ ಕಲಿಯಲು ಕೂತರು. ಒಂದು ಮಳೆಗಾಲವೇ ಹಿಡಿಯಿತು. ಕೊನೆಗೊಂದು ಭಾನುವಾರ ಕೆಂಪಕ್ಷರ ಹೋಗಿ ಕಪ್ಪಕ್ಷರ ಬಂತು: "ಇನ್ನೂ ಓದಿ ಮುಗಿದಿಲ್ಲವೇ? ಪರವಾಗಿಲ್ಲ. ಇನ್ನೊಂದು ವಾರ ಇಟ್ಟುಕೊಳ್ಳಿ." ಈಗಲೂ ಪುಸ್ತಕ ತಡವಾದರೆ ಇರವಲ್ ಹೇಳುವುದು ಇದೇ ಮಾತನ್ನು.

ಆಮೇಲೆ ಅವರು ಹೋಗಲೇ ಇಲ್ಲ. ಇರವಲ್‌ನಲ್ಲಿ ಸುಲಭದ ತಪ್ಪುಗಳಿಗೆ ಒಂದು ಪ್ರತ್ಯೇಕ ಗುರುತು ಹಾಕಿಡುತ್ತಾರೆ. ಕುಂಞಿಪ್ಪಣಿ, ಅಂದರೆ ಚಿಕ್ಕ ಕೆಲಸ ಎಂದು ಅದಕ್ಕೆ ಹೆಸರು. ಚೇಟ್ಟನ ಭಾನುವಾರದ ಕೆಲಸವೂ ಅಲ್ಲಿಂದಲೇ. ಯಾರಾದರೂ ಹೊಸಬರು ಬಂದು "ನನಗೇನಾದರೂ ಕೆಲಸ ಇದೆಯೇ?" ಎಂದು ಕೇಳಿದರೆ, ತಾವು ತೆಗೆದುಕೊಂಡಿದ್ದನ್ನೇ ಅವರಿಗೆ ಕೊಟ್ಟು, ಪಕ್ಕದಲ್ಲಿ ಕೂತವರಂತೆ ಉದ್ದುದ್ದ ಬರೆದು ದಾರಿ ತೋರಿಸುತ್ತಿದ್ದರು. ಆ ಹೊಸಬರ ಮೊದಲ ತಿದ್ದುಪಡಿ ಒಳಗೆ ಸೇರಿದ ದಿನ ವಿಳಾಸ ಕೇಳುತ್ತಿದ್ದರು. ಒಂದು ವಾರದಲ್ಲಿ ಅಂಚೆಯಲ್ಲಿ ಒಂದು ತಗಡಿನ ಡಬ್ಬಿ. ತುಂಬ ಅಚ್ಚಪ್ಪ, ಅಚ್ಚಿನಲ್ಲಿ ಹೂವಿನಂತೆ ಕರಿದ ಗರಿಗರಿ ತಿಂಡಿ. ಅರ್ಧ ಪುಡಿಯಾಗಿರುತ್ತಿತ್ತು. ಆತಿರಳ ಡಬ್ಬಿ ಕಾಲೇಜಿನ ಹಾಸ್ಟೆಲ್ಲಿಗೆ ಬಂದಿತ್ತು. ಅವಳ ಕೋಣೆಯ ಹುಡುಗಿಯರು ಪುಡಿಯನ್ನೂ ಬಿಡದೆ ನೆಕ್ಕಿದ್ದರು. ಆ ಡಬ್ಬಿ ಈಗಲೂ ಇತ್ತು; ಅದರಲ್ಲೀಗ ಪಾರುವಿನ ಟೋಪಿ, ಕಾಲುಚೀಲಗಳಿದ್ದವು.

ಕಳೆದ ವರ್ಷ ಇರವಲ್‌ಗೆ ಒಂದು ಸಂಸ್ಥೆಯಿಂದ ಅನುದಾನ ಬಂತು. ಎರಡು ವರ್ಷ ಇಬ್ಬರಿಗೆ ಸಂಬಳ ಕೊಡುವಷ್ಟು. ಒಬ್ಬ ಮುಜೀಬ್, ಮೊದಲಿಂದಲೂ ಇದ್ದವನು, ಶಾಲೆಯ ಕಂಪ್ಯೂಟರ್ ಮೇಷ್ಟರ ಕೆಲಸಕ್ಕೆ ರಜೆ ಹಾಕಿ ಬಂದ. ಇನ್ನೊಬ್ಬಳು ಆತಿರ. ಹೆರಿಗೆಯಾದಮೇಲೆ ಕೊಚ್ಚಿಯ ಕಂಪನಿಗೆ ಮರಳಲಾಗದೆ ಒದ್ದಾಡುತ್ತಿದ್ದವಳಿಗೆ ಇದು ಕೇಳದೆ ಬಂದ ವರ. ಮನೆಯಲ್ಲೇ ಕೆಲಸ, ಸೋಮವಾರ ಮಾತ್ರ ಆಫೀಸು.

ವರ ಬಂದ ದಿನದಿಂದ ಅವಳಿಗೆ ನಿದ್ದೆ ಹೋಯಿತು. ಇಷ್ಟು ದಿನ ಪ್ರೀತಿಗೆ ಮಾಡಿದ್ದಕ್ಕೆ ಈಗ ಸಂಬಳ. ಚೇಟ್ಟನಂಥವರು ಪುಕ್ಕಟೆ ಮಾಡುವಾಗ ತಾನು ದುಡ್ಡು ತೆಗೆದುಕೊಂಡು ಕೂತರೆ? ಕಡಿಮೆ ಕೆಲಸ ಮಾಡಿದಳು ಎಂದು ಯಾರಾದರೂ ಅಂದರೆ? ಅದರ ಮೇಲೆ ಪಾರು. ಒಮ್ಮೆ ಮಲಗಿದರೆ ಮುಕ್ಕಾಲು ಗಂಟೆಯೇ ಹೆಚ್ಚು. ದೊಡ್ಡ ಕೆಲಸಕ್ಕೆ ಕೂತರೆ ತಲೆ ಒಳಗೆ ಇಳಿಯುವಷ್ಟರಲ್ಲಿ ಅಳು. ಚಿಕ್ಕ ಕೆಲಸವಾದರೆ ಒಂದು ನಿದ್ದೆಗೆ ಒಂದು ಮುಗಿಯುತ್ತಿತ್ತು. ಅವಳು ಕುಂಞಿಪ್ಪಣಿಗಳಿಗೆ ಕೈ ಹಾಕಿದಳು. ಕೆಲವು ತಿಂಗಳು ಕಳೆಯುವಷ್ಟರಲ್ಲಿ, ವರ್ಷಗಳಿಂದ ಒಂದೊಂದೇ ಸೇರಿ ಗುಡ್ಡೆಯಾಗಿದ್ದವುಗಳನ್ನೆಲ್ಲ ಗುಡಿಸಿ ಹಾಕಿದ್ದಳು. ಕೊನೆಯದು ಮುಗಿದ ದಿನ ಹೆಮ್ಮೆಯಿಂದ ಪುಟದಲ್ಲಿ ಬರೆದಳು: "ಇನ್ನು ಒಂದೂ ಬಾಕಿಯಿಲ್ಲ!"

ಅದಾದ ಭಾನುವಾರದಿಂದ ಇಟ್ಟೂಪ್ ಚೇಟ್ಟ ಬಂದಿರಲಿಲ್ಲ.

*

ಸೋಮವಾರ ಪಾರುವನ್ನು ಎದೆಗೆ ಕಟ್ಟಿಕೊಂಡು ಆಫೀಸಿಗೆ ಹೋದಳು. ಕೊಡೆ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ ಅದು. ಮುಜೀಬ್ ಬಾಳೆಹಣ್ಣು ಕರಿದ ಪಳಂಪೊರಿಯ ಪೊಟ್ಟಣ ಬಿಚ್ಚಿ ಕೂತಿದ್ದ.

"ಬಾ ಬಾ. ಪಾರುಕ್ಕುಟ್ಟಿಗೆ ಹಲ್ಲು ಬಂತಾ? ಬಂದಿದ್ರೆ ಇದ್ರಲ್ಲಿ ಪಾಲು ಕೊಡ್ತೀನಿ."

"ಮುಜೀಬಿಕ್ಕ, ಇಟ್ಟೂಪ್ ಚೇಟ್ಟ ನಿನ್ನೇನೂ ಬರ್ಲಿಲ್ಲ."

"ಕಲ್ಯಾಣದ ಸೀಸನ್ ಅಲ್ವಾ? ಬೇಕರಿಯೋರು. ಕೇಕು ಗೀಕು ಅಂತ ಕೈತುಂಬ ಇರತ್ತೆ."

"ಹೋದ ವರ್ಷ ಯಾರೂ ಮದುವೆ ಆಗ್ಲಿಲ್ವಾ?"

ಮುಜೀಬ್ ಪಳಂಪೊರಿಯನ್ನು ಮತ್ತೆ ಪೊಟ್ಟಣದೊಳಗಿಟ್ಟ. ಅವನು ತಿನ್ನುವುದನ್ನು ನಿಲ್ಲಿಸಿದನೆಂದರೆ ವಿಷಯ ಅವನಿಗೂ ಗೊತ್ತಿತ್ತು ಎಂದೇ ಅರ್ಥ.

"ಇಲ್ನೋಡು," ಎಂದು ಪರದೆಯನ್ನು ಅವಳತ್ತ ತಿರುಗಿಸಿದ. ಪುಟದಲ್ಲಿ ಯಾರೋ ಬರೆದಿದ್ದರು: "ನಾನು ಹೊಸಬಳು. ನನಗೆ ಮಾಡಲಾಗುವ ಸಣ್ಣ ಕೆಲಸ ಏನಾದರೂ ಇದೆಯೇ?" ಕೆಳಗೆ ಉತ್ತರವಿರಲಿಲ್ಲ. ಅದರ ಹಿಂದೆ ಇನ್ನೊಬ್ಬ, ಅದೇ ಪ್ರಶ್ನೆ. ಅದಕ್ಕೂ ಉತ್ತರವಿರಲಿಲ್ಲ. ಇಂಥವಕ್ಕೆ ಉತ್ತರಿಸುತ್ತಿದ್ದವರು ಚೇಟ್ಟ.

"ನಾನೇ ಉತ್ತರ ಕೊಡೋಣ ಅಂತ ಹೋದೆ," ಎಂದ ಮುಜೀಬ್. "ಕೊಡೋಕೆ ಒಂದು ಕೆಲಸಾನೂ ಇರ್ಲಿಲ್ಲ. ನೀನು ಅಷ್ಟು ಚೊಕ್ಕ ಮಾಡಿಟ್ಟಿದೀಯ."

ಆತಿರ ಪಾರುವನ್ನು ಎದೆಗೆ ಇನ್ನಷ್ಟು ಅವಚಿಕೊಂಡಳು. "ಸಂಬಳ ತಗೊಂಡು ಸುಮ್ನೆ ಕೂರ್ಬೇಕಿತ್ತಾ?"

"ಅಯ್ಯೋ, ಕಣ್ಣಲ್ಲಿ ನೀರು ತರ್ಬೇಡ, ಮಗು ಹೆದರ್ಕೊಳತ್ತೆ. ನಾನೇನು ಸಾಚಾನಾ? ಚೇಟ್ಟ ಕಳಿಸಿದ್ದ ತಿದ್ದುಪಡಿ ನನ್ನ ಕಣ್ಣೆದುರೇ ಬಿದ್ದಿತ್ತು. ಓದೋಕೆ ಇವತ್ತು ನಾಳೆ ಅಂದೆ. ಅಷ್ಟರಲ್ಲಿ ಅದೇ ಕೆಲಸಾನ ನೀನು ಮಾಡಿ ಮುಗಿಸಿದ್ದೆ. ನಿಂದನ್ನ ತಕ್ಷಣ ಸೇರಿಸ್ದೆ. ಎದುರಿಗೇ ಕೂತಿದ್ಯಲ್ಲ."

"ಯಾವ ಕೆಲಸ?"

"ಅದೇ, ಚೀಟಿ ಮೇಲೆ ಮಲಯಾಳ ತಿಂಗಳು."

ಆಗ ಅವಳಿಗೆ ನೆನಪಾಯಿತು. ಪುಸ್ತಕ ಮರಳಿಸಬೇಕಾದ ದಿನವನ್ನು ಚೀಟಿಯಲ್ಲಿ ಇಂಗ್ಲಿಷ್ ತಾರೀಕಿನ ಜೊತೆ ಮೇಡ, ಇಡವ ಎಂದೂ ಅಚ್ಚು ಮಾಡುವುದು. ಮುದುಕರಿಗೆ ಅದೇ ತಿಳಿಯುವುದು. ಪಾರುವಿನ ಎರಡು ನಿದ್ದೆಗಳಲ್ಲಿ ಆತಿರ ಅದನ್ನು ಮುಗಿಸಿದ್ದಳು. ಅದಾಗಲೇ ಯಾರಾದರೂ ಮಾಡಿದ್ದಾರೆಯೇ ಎಂದು ನೋಡುವಷ್ಟು ಪುರುಸೊತ್ತಿರಲಿಲ್ಲ. ಅವಳು ಮಾಡಿದ್ದು ಚೆನ್ನಾಗಿಯೇ ಇತ್ತು. ಬಹುಶಃ ಚೇಟ್ಟ ಮಾಡಿದ್ದಕ್ಕಿಂತ ಚೆನ್ನಾಗಿತ್ತು. ಆದರೂ ಅದರಿಂದ ಸಮಾಧಾನವಾಗಲಿಲ್ಲ. ಯಾಕೆಂದರೆ ಅದರ ಮುಂದಿನದು ಅವಳಿಗೆ ಗೊತ್ತಿತ್ತು. ಬೇಡವಾದ ತಿದ್ದುಪಡಿಗಳನ್ನು ತಾನಾಗಿ ಮುಚ್ಚಿ, ಕಳಿಸಿದವರಿಗೆ ತಿಳಿಸುವ ಏರ್ಪಾಡು ಮಾಡಿದವಳು ಅವಳೇ.

ಪುಟ ತೆರೆದು ನೋಡಿದಳು. ಇತ್ತು. ಚೇಟ್ಟನ ಹೆಸರಿನ ಕೆಳಗೆ, ಯಂತ್ರದ ಮಾತು: "ಅಗತ್ಯವಿಲ್ಲದ ಕಾರಣ ಈ ತಿದ್ದುಪಡಿಯನ್ನು ಮುಚ್ಚಲಾಗಿದೆ. ನಿಮ್ಮ ಕೊಡುಗೆಗೆ ಧನ್ಯವಾದಗಳು."

ಯಂತ್ರಕ್ಕೆ ಒಳ್ಳೆಯ ಮಾತು ಕಲಿಸಲೆಂದು ಒಂದು ಮಳೆಗಾಲ ಕೂತವರಿಗೆ ಯಂತ್ರದಿಂದ ಬಂದ ಕಾಗದ ಅದು.

"ದುಡ್ಡು ಇನ್ನೊಂದು ವರ್ಷಕ್ಕೆ ಮುಗಿಯತ್ತೆ," ಎಂದ ಮುಜೀಬ್, ಮೆಲ್ಲಗೆ. "ಆಮೇಲೆ ನಾನು ಶಾಲೆಗೆ, ನೀನು ಎಲ್ಲಿಗೋ. ಇದನ್ನ ಎತ್ತಿ ಸಾಕೋರು ಯಾರು? ನಾವಿಬ್ರೂ ಸೇರ್ಕೊಂಡು ಎಲ್ಲರನ್ನೂ ಆಚೆ ಕಳಿಸ್ತಿದೀವಿ ಅನ್ಸತ್ತೆ. ಒಂದು ಜಗಳಾನೂ ಆಡದೆ."

"ಫೋನ್ ಮಾಡ್ಲಾ ಅವ್ರಿಗೆ?"

"ಫೋನಾ?" ಮುಜೀಬ್ ಅವಳನ್ನು ವಿಚಿತ್ರವಾಗಿ ನೋಡಿದ. "ನಮ್ಮಲ್ಲಿ ಯಾರು ಯಾರಿಗೆ ಫೋನ್ ಮಾಡಿದಾರೆ? ಪುಟದಲ್ಲಿ ಬರಿ. ಏನಿದ್ರೂ ಎಲ್ಲರ ಮುಂದೆ."

ಅದು ಇರವಲ್‌ನ ಹಳೆಯ ಕಟ್ಟುಪಾಡು. ಕಿವಿಯಲ್ಲಿ ಹೇಳಿದ ಮಾತು ಕಿವಿಯಲ್ಲೇ ಉಳಿಯುತ್ತದೆ. ನಾಳೆ ಬಂದವನಿಗೆ ಅದು ಸಿಗುವುದಿಲ್ಲ. ಹಾಗಾಗಿ ಜಗಳವೂ, ಕ್ಷಮೆಯೂ, ತಮಾಷೆಯೂ ಬರವಣಿಗೆಯಲ್ಲೇ, ಎಲ್ಲರ ಕಣ್ಣೆದುರೇ. ಇದನ್ನು ಆತಿರಳಿಗೆ ಕಲಿಸಿಕೊಟ್ಟವರೂ ಇಟ್ಟೂಪ್ ಚೇಟ್ಟನೇ.

ಬರೆಯಲು ಕೂತಳು. ಆ ವಾರವೆಲ್ಲ ಬರೆದಳು, ಅಳಿಸಿದಳು. "ಮಾನ್ಯ ಇಟ್ಟೂಪ್ ಚೇಟ್ಟ, ನಿಮ್ಮ ತಿದ್ದುಪಡಿ ಆಕಸ್ಮಿಕವಾಗಿ" ಎಂದು ಶುರು ಮಾಡಿದರೆ ವಕೀಲರ ನೋಟೀಸು. "ನಿಮ್ಮ ಅಮೂಲ್ಯ ಸೇವೆ" ಎಂದರೆ ನಿವೃತ್ತಿ ಸಮಾರಂಭ. ಏನು ಬರೆದರೂ ಅದೇ ಯಂತ್ರ ಇನ್ನೊಂದು ಸಲ ಮಾತಾಡಿದ ಹಾಗಿತ್ತು. ಎಲ್ಲರೆದುರು ಕ್ಷಮೆ ಕೇಳಿದರೆ, ಎಲ್ಲರೆದುರು ಅವರಿಗೆ ನೋವಾಗಿದೆ ಎಂದು ಸಾರಿದಂತೆಯೂ ಆಗುತ್ತದಲ್ಲ? ಅವರಿಗೆ ನೋವಾಗಿಯೇ ಇಲ್ಲದಿದ್ದರೆ? ಹುಷಾರಿಲ್ಲದೆ ಮಲಗಿದ್ದರೆ? ಅವರ ವಯಸ್ಸೆಷ್ಟು ಎನ್ನುವುದೂ ತನಗೆ ಗೊತ್ತಿಲ್ಲವಲ್ಲ ಎಂದು ಹೊಳೆದು ಆತಿರ ಇನ್ನಷ್ಟು ಕುಗ್ಗಿದಳು.

*

ಶನಿವಾರ ಸಂಜೆ ಪಕ್ಕದ ಮನೆಯಲ್ಲಿ ಮದುವೆಯ ಮುನ್ನಾದಿನದ ಗದ್ದಲ. ಸತ್ಯಭಾಮ ಜರಿಯಂಚಿನ ಕಸವು ಸೀರೆಯುಟ್ಟು, ಕಂಕುಳಲ್ಲಿ ತಮ್ಮ ತುರಿಮಣೆ ಇಟ್ಟುಕೊಂಡು ಹೊರಟರು.

"ತುರಿಮಣೆ ಯಾಕಮ್ಮ?"

"ಕಲ್ಯಾಣದ ಮನೆಗೆ ಬರಿಗೈಲಿ ಹೋಗ್ತಾರಾ? ನಂಗೆ ನಂದೇ ಬೇಕು. ಬೇರೆಯೋರ ಮಣೆ ಮೇಲೆ ಕೂತ್ರೆ ಸೊಂಟ ಹಿಡಿಯತ್ತೆ."

ಒಂದು ಅರ್ಧ ಗಂಟೆಯೂ ಆಗಿರಲಿಲ್ಲ, ವಾಪಸು ಬಂದರು. ತುರಿಮಣೆಯನ್ನು ಜಗಲಿಯ ಮೇಲೆ ದಡಕ್ಕನೆ ಇಟ್ಟು, ಕಾಲು ಚಾಚಿ ಕೂತರು.

"ಏನಾಯ್ತು? ಇಷ್ಟು ಬೇಗ?"

"ಅಲ್ಲೇನಿದೆ ಕೆಲಸ? ಕೇಟರಿಂಗ್‌ನೋರು ಬಂದಿದಾರೆ. ಟೋಪಿ ಹಾಕ್ಕೊಂಡು. ತೆಂಗಿನಕಾಯಿ ತುರಿದೇ ಚೀಲದಲ್ಲಿ ತಂದಿದಾರೆ, ತರಕಾರಿ ಹೆಚ್ಚೇ ತಂದಿದಾರೆ. 'ಅಮ್ಮಚ್ಚಿ ಕೂತ್ಕೊಳಿ, ಜ್ಯೂಸ್ ಕುಡೀರಿ' ಅಂದ್ರು. ಕುಡಿದೆ. ಬಂದೆ. ಎಲ್ಲರೂ ಹಂಗೇ, ಜ್ಯೂಸ್ ಕುಡಿದು ಗೋಡೆ ನೋಡ್ತಾ ಕೂತಿದಾರೆ. ಸಾವಿನ ಮನೆ ಇದ್ದಹಾಗಿತ್ತು."

ಆತಿರಳಿಗೆ ನಗು ಬಂತು. "ಆರಾಮಾಯ್ತಲ್ಲಮ್ಮ."

"ಆರಾಮಕ್ಕೆ ಮನೇಲಿ ಮಂಚ ಇಲ್ವಾ ನಂಗೆ?" ಸತ್ಯಭಾಮರ ಮುಖದಲ್ಲಿ ನಗುವಿರಲಿಲ್ಲ. "ನನ್ನ ಮದುವೇಲಿ ಅಡುಗೆಗೆ ಬಂದಿದ್ದೋರು ಶಂಕುಣ್ಣಿ ಅಂತ. ದುಡ್ಡು ಕೊಟ್ಟು ಕರೆಸಿದ್ದು. ಅವ್ರ ಕೈಕೆಳಗೆ ಎಂಟು ಜನ ಇದ್ರು. ಬೇಕಂದ್ರೆ ಎಲ್ಲ ತೆಂಗಿನಕಾಯೀನೂ ಚಿಟಿಕೆ ಹೊಡೆಯೋದ್ರಲ್ಲಿ ತುರಿದು ಹಾಕ್ತಿದ್ರು. ಮುಟ್ತಿರ್ಲಿಲ್ಲ! ಅಂಗಳದಲ್ಲಿ ಗುಡ್ಡೆ ಹಾಕ್ಸಿ ಹಂಗೇ ಬಿಡ್ತಿದ್ರು. ಸಂಜೆ ಊರಿನ ಹೆಂಗಸರು ಬಂದು, ಕಾಯಿ ಕಂಡ ಕೂಡ್ಲೆ ಮಣೆ ಎಳ್ಕೊಂಡು ಕೂರ್ತಿದ್ರು. ಹಾಡೇನು, ಚಾಡಿಯೇನು, ಜಗಳವೇನು! ಎರಡು ವರ್ಷದಿಂದ ಮಾತು ಬಿಟ್ಟಿದ್ದೋರು ಒಂದೇ ಕಾಯಿಯ ಎರಡು ಹೋಳು ತುರಿದು ಎದ್ದುಹೋಗೋಷ್ಟರಲ್ಲಿ ಮಾತಾಡ್ತಿದ್ರು. ಮಾರನೇ ದಿನ ಪಾಯಸ ಕುಡೀತಾ ಎಲ್ಲರೂ, 'ನಾನು ತುರಿದ ಕಾಯಿ, ಅದಕ್ಕೇ ಇಷ್ಟು ರುಚಿ' ಅಂತ."

"ಅವ್ರು ಬೇಕಂತಲೇ ಬಿಡ್ತಿದ್ರಾ?"

"ಮತ್ತೆ? ಒಂದ್ಸಲ ಒಬ್ಬ ಹೊಸ ಕೆಲಸದೋನು ಹುರುಪಿಂದ ಎಲ್ಲ ತುರಿದು ಹಾಕಿದ್ದಕ್ಕೆ ಶಂಕುಣ್ಣಿ ಬೈದದ್ದು ಬೀದಿಗೆಲ್ಲ ಕೇಳಿತ್ತು. 'ಒಲೆ ಮುಂದೆ ಬೇಯೋದು ನಿನ್ನ ಕೆಲಸ ಕಣೋ. ಹೊಗೆ ಕುಡಿ, ಪಾತ್ರೆ ತಿಕ್ಕು. ಕಾಯಿ ತುರಿದುಬಿಟ್ರೆ ಇವ್ರೆಲ್ಲ ಯಾತಕ್ಕೆ ಬರ್ತಾರೆ?' ಅಂತ."

ಪಾರು ಆತಿರಳ ಮಡಿಲಿಂದ ಜಾರಿ ತುರಿಮಣೆಯ ಕಡೆ ತೆವಳಿದಳು. ಆತಿರ ಅವಳನ್ನು ತಟ್ಟನೆ ಎತ್ತಿಕೊಂಡಳು.

"ಹೂಂ, ಎತ್ಕೋ," ಎಂದರು ಸತ್ಯಭಾಮ. ಧ್ವನಿ ಬದಲಾಗಿತ್ತು. "ನೀನೂ ಕೇಟರಿಂಗ್‌ನೋಳೇ. ಮಗೂಗೆ ಸ್ನಾನ ನೀನೇ, ಗಂಜಿ ನೀನೇ, ನಿದ್ದೆ ನೀನೇ. ನಂಗೆ ಜ್ಯೂಸ್ ಕೊಟ್ಟು ಕೂರ್ಸಿದೀಯ."

ಹೇಳಿದ ಮೇಲೆ ಅವರಿಗೇ ಹೆಚ್ಚಾಯಿತೆನಿಸಿರಬೇಕು. "ಸೀರೆ ಬದಲಾಯಿಸ್ತೀನಿ," ಎಂದು ಗೊಣಗುತ್ತ ಎದ್ದುಹೋದರು. ತುರಿಮಣೆ ಜಗಲಿಯ ಮೇಲೆಯೇ ಉಳಿಯಿತು.

ಹೋದ ಭಾನುವಾರ ಗಂಜಿ ತಿನ್ನಿಸುವಾಗ ಅತ್ತೆ ಚಾಚಿದ್ದ ಕೈ ಈಗ ಆತಿರಳಿಗೆ ಕಂಡಿತು.

*

ಭಾನುವಾರ ಬೆಳಿಗ್ಗೆ ಅವಳು ಮೊದಲು ಚೇಟ್ಟನ ತಿದ್ದುಪಡಿಯನ್ನು ತೆರೆದು ಓದಿದಳು. ಪೂರ್ತಿ, ಮೊದಲ ಸಾಲಿನಿಂದ. ಕೋಡಿನ ನಡುವೆ ಅಲ್ಲಲ್ಲಿ ಅವರು ತಮ್ಮ ಭಾಷೆಯಲ್ಲಿ ಟಿಪ್ಪಣಿ ಬರೆದಿದ್ದರು. ಒಂದು ಕಡೆ: "ನಮ್ಮ ವಾಚನಾಲಯದ ಕೊಚ್ಚನ್ನ ಅಜ್ಜಿಗಾಗಿ. ಅವರಿಗೆ ಕರ್ಕಿಡಕ ಗೊತ್ತು, ಜುಲೈ ಗೊತ್ತಿಲ್ಲ." ಇನ್ನೊಂದು ಕಡೆ: "ಇಲ್ಲಿ ನನಗೆ ಅನುಮಾನವಿದೆ. ತಿಂಗಳು ಬದಲಾಗುವ ದಿನ ಯಾವ ಹೆಸರು ಹಾಕಬೇಕು? ಓದುವವರು ಹೇಳಿ."

ಓದುವವರು ಹೇಳಿ ಎಂದಿದ್ದರು. ಯಾರೂ ಓದಿರಲಿಲ್ಲ.

ಅವಳು ತನ್ನ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದುಕೊಂಡಳು. ಚೇಟ್ಟನದನ್ನು ಮತ್ತೆ ತೆರೆದಿಟ್ಟಳು. ತಾನಾಗಿ ಮುಚ್ಚುವ ಏರ್ಪಾಡನ್ನು ಕಿತ್ತುಹಾಕಿದಳು. ಆಮೇಲೆ, ಕಣ್ಣಿಗೆ ಬಿದ್ದು ಕೈ ತುರಿಸುತ್ತಿದ್ದ ನಾಲ್ಕಾರು ಸಣ್ಣ ತಪ್ಪುಗಳನ್ನು ತಿದ್ದದೆ, ಕುಂಞಿಪ್ಪಣಿಯ ಗುರುತು ಹಾಕಿ ಹಾಗೆಯೇ ಇಟ್ಟಳು. ಒಂದಂತೂ ಒಂದು ಅಕ್ಷರದ ಕೆಲಸ. ಕಣ್ಣು ಮುಚ್ಚಿಕೊಂಡು ಬಿಟ್ಟಳು. ಕೆಲಸ ಮಾಡುವುದಕ್ಕಿಂತ ಮಾಡದೆ ಇಡುವುದೇ ಕಷ್ಟ. ತನಗಾಗಿ ಅವಳು ಉಳಿಸಿಕೊಂಡದ್ದು ಯಾರೂ ಮುಟ್ಟದ ಹಳೆಯ ಕೋಡಿನ ಕೊಳೆ, ಮತ್ತೆ ಬೇರೆಯವರು ಕಳಿಸಿದ್ದನ್ನು ಕೂತು ಓದುವುದು. ಹೊಗೆ ಕುಡಿ, ಪಾತ್ರೆ ತಿಕ್ಕು.

ಹತ್ತು ಗಂಟೆ ದಾಟಿತು. ಪುಟದಲ್ಲಿ ನಮಸ್ಕಾರದ ಸಾಲು ಬರಲಿಲ್ಲ.

ಎದ್ದು ಪಾರುವನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. "ಅಮ್ಮ, ಮದುವೆಗೆ ಹೊರಡೋ ಮುಂಚೆ ಇವತ್ತು ಇವಳಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸ್ತೀರಾ?"

ಸತ್ಯಭಾಮ ತಿರುಗಿ ನೋಡಿದರು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ನೀರು ಬೆಚ್ಚಗಿರ್ಬೇಕು, ಕಣ್ಣಿಗೆ ಸೋಪು ಹೋಗ್ಬಾರ್ದು, ಕುತ್ತಿಗೆ ಹಿಡ್ಕೋಬೇಕು, ಮತ್ತೇನಾದ್ರೂ ಇದೆಯಾ?" ಎಂದರು.

"ಇಲ್ಲಮ್ಮ."

"ಹೇಳು ಹೇಳು. ನಿನ್ನ ಗಂಡನ್ನ ನಾನು ಸ್ನಾನ ಮಾಡಿಸ್ದೇ ಬೆಳೆಸಿದ್ದಲ್ವಾ." ಅಷ್ಟರಲ್ಲಿ ಪಾರು ಅವರ ಹೆಗಲ ಮೇಲಿದ್ದಳು.

ಬಚ್ಚಲಿನ ಬಾಗಿಲು ಮುಚ್ಚಿತು. ಕುತ್ತಿಗೆ ಎಂದು ಕೂಗಬೇಕೆನಿಸಿದ್ದನ್ನು ಆತಿರ ನುಂಗಿಕೊಂಡಳು. ಕೋಣೆಗೆ ಹೋಗಿ ಟೋಪಿ, ಕಾಲುಚೀಲಗಳನ್ನು ಹಾಸಿಗೆಯ ಮೇಲೆ ಸುರಿದು ಅಚ್ಚಪ್ಪದ ಡಬ್ಬಿಯನ್ನು ತಿರುಗಿಸಿದಳು. ತಳದಲ್ಲಿ ಮಾಸಿದ ಚೀಟಿ: ಇಟ್ಟೂಪ್ ಆಂಡ್ ಸನ್ಸ್, ಬೋರ್ಮ, ಮಾಳ. ಕೆಳಗೆ ಫೋನ್ ನಂಬರು. ವರ್ಷಗಳಾಗಿವೆ. ಬದಲಾಗಿದ್ದರೆ? ಬೇರೆ ಯಾರಾದರೂ ಎತ್ತಿದರೆ? ಅವರೇ ಎತ್ತಿ, ಯಾರು ಎಂದು ಕೇಳಿ ಇಟ್ಟುಬಿಟ್ಟರೆ?

ಜಗಲಿಗೆ ಬಂದು, ತುರಿಮಣೆಯ ಪಕ್ಕದಲ್ಲಿ ಕೂತು ನಂಬರು ಒತ್ತಿದಳು.

ಬಹಳ ಹೊತ್ತು ಗಂಟೆ ಹೊಡೆಯಿತು. ಆಮೇಲೆ ತಗಡುಗಳ ಸದ್ದು, ಅದರ ನಡುವೆ ಒಂದು ತೆಳ್ಳನೆಯ, ಆತುರದ ಧ್ವನಿ. ಅವಳು ಕಲ್ಪಿಸಿಕೊಂಡಿದ್ದ ಗಂಭೀರ ಗಂಟಲಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. "ಹಲೋ, ಕೇಕ್ ಆದ್ರೆ ಬುಧವಾರಕ್ಕೆ. ಅದಕ್ಕೂ ಮುಂಚೆ ಆಗಲ್ಲ. ಪಾದ್ರಿಗಳೇ ಕೇಳಿದ್ರೂ ಆಗಲ್ಲ."

"ಕೇಕ್ ಅಲ್ಲ ಚೇಟ್ಟ. ನಾನು ಆತಿರ. ಇರವಲ್‌ನ ಆತಿರ."

ತಗಡಿನ ಸದ್ದು ನಿಂತಿತು.

"ಆತಿರಾನಾ?" ಅಂದರು. "ನಿಜವಾದ ಆತಿರಾನೇ? ಮೆಷೀನ್ ಅಲ್ವಲ್ಲ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಲ್ಲ ಚೇಟ್ಟ. ಆ ಮೆಷೀನನ್ನ ಕಿತ್ತುಹಾಕ್ದೆ."

"ಯಾಕೆ ಮೋಳೇ, ಪಾಪ, ಅದು ಮರ್ಯಾದೆಯಿಂದಲೇ ಮಾತಾಡ್ತು," ಎಂದರು ಇಟ್ಟೂಪ್ ಚೇಟ್ಟ. ಮೋಳೇ, ಮಗಳೇ ಎಂದು ಕರೆದಿದ್ದರು. ಅವರು ಮುಂದುವರಿಸಿದರು: "ಒಂದೂ ಬಾಕಿಯಿಲ್ಲ ಅಂತ ನೀನು ಬರೆದಿದ್ಯಲ್ಲ, ನನ್ನ ಹೆಂಡ್ತಿ ತ್ರೇಸ್ಯಾಗೆ ಓದಿ ಹೇಳ್ದೆ. ಮಕ್ಕಳು ದೊಡ್ಡೋರಾದ್ರು ಕಣೇ, ಇನ್ನು ನಮ್ಮ ಕೈ ಬೇಕಿಲ್ಲ ಅಂದೆ. ಖುಷಿಯಿಂದಲೇ ಅಂದೆ. ಅರ್ಧ ಖುಷಿ. ಆಮೇಲೆ ಭಾನುವಾರ ಬಂದ್ರೆ ಏನ್ಮಾಡೋದು ಅಂತಲೇ ತಿಳೀತಿಲ್ಲ. ಹೋದ ವಾರ ಕೋಳಿಗೂಡಿಗೆ ನೀಲಿ ಬಣ್ಣ ಹೊಡೆದೆ. ಕೋಳಿಗಳು ಒಳಗೆ ಹೋಗ್ತಿಲ್ಲ."

ಅವಳು ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಎಲ್ಲೋ ಹೋದವು.

"ನಿಮ್ಮದನ್ನ ಓದಿದೆ ಚೇಟ್ಟ," ಎಂದಳು. "ಇವತ್ತು. ಮುಂಚೆಯೇ ಓದ್ಬೇಕಿತ್ತು. ಓದದೆ ನಾನೇ ಮಾಡಿಬಿಟ್ಟೆ. ಈಗ ನಂದನ್ನ ತೆಗೆದು ನಿಮ್ಮದನ್ನೇ ಇಟ್ಟಿದೀನಿ. ತಿಂಗಳು ಬದಲಾಗೋ ದಿನಕ್ಕೆ ಯಾವ ಹೆಸರು ಅಂತ ಕೇಳಿದ್ರಲ್ಲ, ನಂಗೂ ಗೊತ್ತಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಬದಲಾದ್ರೆ ಒಂದು ಲೆಕ್ಕ, ಆಮೇಲೆ ಆದ್ರೆ ಇನ್ನೊಂದು ಅಂತ ನಮ್ಮತ್ತೆ ಹೇಳ್ತಾರೆ. ಇಬ್ರೂ ಕೂತು ನೋಡೋಣ್ವಾ? ಮತ್ತೆ ಇನ್ನೊಂದು. ಹೊಸಬರು ಇಬ್ರು ಬಂದಿದಾರೆ, ಕೆಲಸ ಕೇಳ್ಕೊಂಡು. ಅವ್ರಿಗೆ ಕೊಡೋಕೆ ಸ್ವಲ್ಪ ಉಳಿಸಿಟ್ಟಿದೀನಿ. ಆದ್ರೆ ಉತ್ತರ ಬರೆಯೋಕೆ ನಂಗೆ ಬರಲ್ಲ. ನಾನು ಬರೆದ್ರೆ ನೋಟೀಸಿನ ಹಾಗಿರತ್ತೆ."

ಬಚ್ಚಲಲ್ಲಿ ನೀರು ಬಿದ್ದ ಸದ್ದು, ಅದರ ಹಿಂದೆಯೇ ಪಾರುವಿನ ಕೇಕೆ. ಅಳುವಲ್ಲ. ನಗು. ಅತ್ತೆ ಯಾವುದೋ ಹಳೆಯ ಹಾಡನ್ನು ಅರ್ಧಂಬರ್ಧ ಹಾಡುತ್ತಿದ್ದರು.

"ಹೊಸಬರಾ? ಇಬ್ರಾ?" ಎಂದರು ಚೇಟ್ಟ. ತೆಳ್ಳನೆಯ ಧ್ವನಿ ಇನ್ನೂ ತೆಳ್ಳಗಾಗಿತ್ತು. ಆಮೇಲೆ ಫೋನಿನಿಂದ ಮುಖ ತಿರುಗಿಸಿ ಕೂಗಿದರು: "ತ್ರೇಸ್ಯಾ! ಅಚ್ಚಪ್ಪದ ಅಚ್ಚು ಎಲ್ಲಿಟ್ಟಿದೀಯ? ಕನ್ನಡಕ ಎಲ್ಲಿ? ಇಲ್ಲ, ಮೊದ್ಲು ಕನ್ನಡಕ!" ಮತ್ತೆ ಅವಳಿಗೆ: "ಇಡ್ಬೇಡ ಮೋಳೇ, ಒಂದು ನಿಮಿಷ. ಕಂಪ್ಯೂಟರ್ ಹತ್ರ ಹೋಗ್ತೀನಿ. ಇಡ್ಬೇಡ."

"ಇಡಲ್ಲ ಚೇಟ್ಟ," ಎಂದಳು ಆತಿರ, ಮತ್ತು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯುತ್ತ ಕೂತಳು.